ಹಾಡು ಒಂದು, ಕಿವಿ ಹಲವು

ಒಂದೇ ಹಾಡನ್ನು ಒಂದೇ ಮನೆಯ ನಾಲ್ವರು ಕೇಳಿದರೆ ನಾಲ್ವರ ಅಭಿಪ್ರಾಯವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ತಾತನಿಗೆ ಅಬ್ಬರವೆನಿಸಿದ್ದು ಮೊಮ್ಮಗನಿಗೆ ಆವೇಶವೆನಿಸಬಹುದು. ತಾಯಿಯ ಕಣ್ಣಲ್ಲಿ ನೀರು ತರಿಸಿದ್ದು ನೆರೆಯವರಿಗೆ ಬರಿಯ ನಾಟಕವಾಗಿ ತೋರಬಹುದು. ಲೋಕದ ರುಚಿ ಬಗೆಬಗೆಯೆಂದು ಹಿರಿಯರು ಹೇಳಿದ್ದಾರೆ. ಆ ಮಾತು ನಿಜ. ಆದರೆ ಎಲ್ಲವನ್ನೂ ರುಚಿಭೇದವೆಂದು ಹೇಳಿ ಮುಗಿಸಿಬಿಟ್ಟರೆ ಆ ಭೇದದೊಳಗೆ ಅಡಗಿರುವ ವಿಚಾರ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಹಾಡನ್ನು ಕುರಿತು ಜನ ವಾದಿಸುವಾಗ ಅವರು ಹಾಡೊಂದನ್ನೇ ಕುರಿತು ವಾದಿಸುತ್ತಿರುವುದಿಲ್ಲ; ತಮಗೆ ಪ್ರಿಯವಾದ ಬೇರೆ ಯಾವುದನ್ನೋ ಕಾಪಾಡಿಕೊಳ್ಳಲು ಹೆಣಗುತ್ತಿರುತ್ತಾರೆ. ಅದೇನೆಂಬುದನ್ನು ತಿಳಿಯಲು ನಮ್ಮ ನಾಡಿನ ಗಾಯಕರೊಬ್ಬರ ನಿದರ್ಶನವನ್ನು ತೆಗೆದುಕೊಳ್ಳೋಣ. ಕನ್ನಡ ಕವಿತೆಯನ್ನು ಜನರ ಬಾಯಿಗೆ ತಂದವರೆಂದು ಕೆಲವರಿಂದಲೂ, ಕವಿತೆಗಿಂತ ತಮ್ಮ ಕಂಠವನ್ನೇ ಮುಂದೆ ಮಾಡಿದವರೆಂದು ಇನ್ನು ಕೆಲವರಿಂದಲೂ ಕರೆಸಿಕೊಂಡ ಅವರೇ ಸಿ. ಅಶ್ವಥ್.

ಅಶ್ವಥ್ ಅವರು 1939ರ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದರು. ಬೆಂಗಳೂರಿಗೆ ಬಂದು ನೆಲೆಸಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಹಲವು ವರ್ಷ ನೌಕರಿ ಮಾಡಿದರು. ಹಗಲು ಕಾರ್ಖಾನೆ, ಸಂಜೆ ಸಂಗೀತ ಎಂಬಂತೆ ಅವರ ಬದುಕು ಸಾಗಿತು. ಹಿಂದೂಸ್ತಾನಿ ಸಂಗೀತದ ಅಭ್ಯಾಸವೂ ರಂಗಭೂಮಿಯ ನಂಟೂ ಅವರಿಗಿದ್ದವು. ನಾಟಕಕ್ಕೆ ಸಂಗೀತ ಒದಗಿಸುವವನು ಮಾತಿನ ಹಿಂದಿರುವ ಭಾವವನ್ನು ಕ್ಷಣಮಾತ್ರದಲ್ಲಿ ಪ್ರೇಕ್ಷಕನಿಗೆ ಮುಟ್ಟಿಸಬೇಕಾಗುತ್ತದೆ. ಈ ಗುಣ ಅವರ ಗಾಯನದಲ್ಲಿ ಕಡೆಯವರೆಗೂ ಉಳಿಯಿತು. ಮಾಸ್ತಿಯವರ ನಾಟಕವನ್ನು ಆಧರಿಸಿ 1977ರಲ್ಲಿ ತೆರೆಗೆ ಬಂದ ‘ಕಾಕನಕೋಟೆ’ ಚಿತ್ರಕ್ಕೆ ಸಂಗೀತ ನೀಡಿದರು. ಎಲ್. ವೈದ್ಯನಾಥನ್ ಅವರೊಡನೆ ಜೊತೆಗೂಡಿ ‘ಅಶ್ವಥ್–ವೈದಿ’ ಎಂಬ ಹೆಸರಿನಲ್ಲಿ ‘ಆಲೆಮನೆ’ಯೇ ಮೊದಲಾದ ಚಿತ್ರಗಳಿಗೆ ರಾಗಸಂಯೋಜನೆ ಮಾಡಿದರು. ಆದರೆ ನಾಡು ಅವರನ್ನು ನೆನೆಯುವುದು ಹೆಚ್ಚಾಗಿ ಕವಿಗಳ ಮೂಲಕ. ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ ಮುಂತಾದವರ ಕವಿತೆಗಳೂ, ಅವರೆಲ್ಲರಿಗಿಂತ ಹಿಂದಿನವರಾದ ಶಿಶುನಾಳ ಷರೀಫರ ಪದಗಳೂ ಅವರ ಧ್ವನಿಯಲ್ಲಿ ಮನೆಮನೆಯನ್ನು ಹೊಕ್ಕವು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅವರು ಬೆಂಗಳೂರಿನಲ್ಲಿ ನಿಧನರಾದರು. ಎನ್.ಆರ್. ಕಾಲೋನಿಯ ಕಲಾಭವನವೊಂದು ಇಂದು ಅವರ ಹೆಸರನ್ನು ಹೊತ್ತಿದೆ.

ಕವಿತೆಯನ್ನು ವೇದಿಕೆಯ ಮೇಲೆ ಹಾಡುವ ಪರಿಪಾಠವನ್ನು ಅಶ್ವಥ್ ಅವರೇ ಆರಂಭಿಸಿದರೆಂದಲ್ಲ. ಅವರಿಗಿಂತ ಮುಂಚೆ ಪಿ. ಕಾಳಿಂಗರಾಯರು ಊರೂರು ತಿರುಗಿ ಹೊಸಗನ್ನಡದ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಹಾಡಿ ಕನ್ನಡಿಗರ ಕಿವಿಯನ್ನು ಹದಗೊಳಿಸಿದ್ದರು. ಮೈಸೂರು ಅನಂತಸ್ವಾಮಿಯವರು ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ರಾಗ ಹಾಕಿ ಹೊರತಂದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದಿತು. ಆಕಾಶವಾಣಿ ಈ ಬಗೆಯ ಗಾಯನಕ್ಕೆ ‘ಸುಗಮ ಸಂಗೀತ’ವೆಂಬ ಹೆಸರಿನಲ್ಲಿ ಸ್ಥಾನ ಕೊಟ್ಟಿತು. ಧ್ವನಿಸುರುಳಿಯ ಬೆಲೆ ಜನಸಾಮಾನ್ಯರಿಗೆ ಎಟಕುವಂತಾದಾಗ ಹಾಡು ಸಭಾಂಗಣವನ್ನು ಬಿಟ್ಟು ಅಡಿಗೆಮನೆಗೂ ಅಂಗಡಿಗೂ ಬಸ್ಸಿಗೂ ಬಂದಿತು. ಹಿಂದೆ ಹಾಡನ್ನು ಕೇಳಬೇಕೆಂದಿದ್ದವನು ಹಾಡಿದ್ದೆಡೆಗೆ ಹೋಗುತ್ತಿದ್ದ. ಈಗ ಬೇಡವೆಂದವನ ಕಿವಿಗೂ ಹಾಡು ತಾನಾಗಿ ಬಂದು ಬೀಳತೊಡಗಿತು. ಅಭಿಪ್ರಾಯಭೇದ ಬಲಿಯುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣವನ್ನು ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿಯೇ ಕಾಣಬಹುದು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ಶ್ರೀ ರಾಮಸೇವಾ ಮಂಡಲಿಯ ಸಂಗೀತೋತ್ಸವ 1939ರಷ್ಟು ಹಿಂದಿನದು. ಅಲ್ಲಿ ಕುಳಿತು ರಾಗಾಲಾಪನೆಯನ್ನು ಕೇಳಿ ಬೆಳೆದವರಿಗೆ ರಾಗದ ಶುದ್ಧಿಯೇ ಮೊದಲ ಮಾತು. ಅದೇ ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮನೆಯೂ ಇದೆ. ಅಲ್ಲಿಗೆ ಬರುವವರ ಗಮನವೆಲ್ಲ ಪದದ ಮೇಲೆ, ಅರ್ಥದ ಮೇಲೆ. ಬಸವನಗುಡಿ, ಮಲ್ಲೇಶ್ವರಗಳ ಗಣೇಶೋತ್ಸವದ ಚಪ್ಪರಗಳಲ್ಲಿ ಸೇರುವ ಜನ ತಾವೂ ದನಿಗೂಡಿಸಬಹುದಾದ ಹಾಡನ್ನು ಬಯಸುತ್ತಾರೆ. ಇತ್ತ ಗಾಂಧಿನಗರವೆಂದರೆ ಕನ್ನಡ ಚಲನಚಿತ್ರೋದ್ಯಮಕ್ಕೆ ಇನ್ನೊಂದು ಹೆಸರು. ಅಲ್ಲಿಯ ಕಿವಿ ವಾದ್ಯಮೇಳದ ಸೊಗಸಿಗೂ ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲುವ ಪಲ್ಲವಿಗೂ ಒಗ್ಗಿದ್ದು. ಕೆಲವೇ ಮೈಲಿಗಳ ಅಂತರದಲ್ಲಿ ಇಷ್ಟು ಬಗೆಯ ಕಿವಿಗಳು! ಅಶ್ವಥ್ ಅವರ ಹಾಡು ಈ ನಾಲ್ಕು ನೆಲೆಗಳಲ್ಲಿಯೂ ಕೇಳಿಬಂದಿತು. ಒಂದು ನೆಲೆಯಲ್ಲಿ ಗುಣವೆನಿಸಿದ್ದು ಇನ್ನೊಂದರಲ್ಲಿ ದೋಷವೆನಿಸಿದರೆ ಆಶ್ಚರ್ಯವೇನು?

ಅವರನ್ನು ಮೆಚ್ಚುವವರ ಮಾತನ್ನು ಮೊದಲು ಕೇಳೋಣ. ‘ಕವಿತೆ ಪುಸ್ತಕದಲ್ಲಿದ್ದಾಗ ಓದಬಲ್ಲವರ ಸೊತ್ತು, ಹಾಡಾದಾಗ ಎಲ್ಲರ ಸೊತ್ತು. ಅಕ್ಷರ ಬಾರದ ಅಜ್ಜಿಯೂ ಕನ್ನಡದ ದೊಡ್ಡ ಕವಿಯ ನುಡಿಯನ್ನು ಗುನುಗುವಂತೆ ಮಾಡಿದ್ದು ಸಣ್ಣ ಸೇವೆಯೆ?’ ಎಂದು ಅವರು ಕೇಳುತ್ತಾರೆ. ‘ಸುಗಮ ಸಂಗೀತವೆಂದರೆ ನಯವಾಗಿ, ಮೆಲ್ಲಗೆ, ಕಣ್ಣು ಮುಚ್ಚಿ ಹಾಡುವುದೆಂಬ ಭಾವನೆ ಬೇರೂರುತ್ತಿದ್ದ ಹೊತ್ತಿನಲ್ಲಿ ಅಶ್ವಥ್ ಎದೆ ಬಿಚ್ಚಿ ಹಾಡಿದರು. ತಾರಸ್ಥಾಯಿಗೆ ಏರಿದಾಗ ಅವರ ಕಂಠ ಒರಟಾಗುತ್ತಿತ್ತೆಂಬುದು ನಿಜ. ಆದರೆ ಆ ಒರಟುತನವೇ ಹೊಲದಲ್ಲಿ, ಜಾತ್ರೆಯಲ್ಲಿ, ಬಯಲಾಟದ ರಂಗದಲ್ಲಿ ಹಾಡುವ ನಮ್ಮ ಜನರ ದನಿಗೆ ಹತ್ತಿರವಾದದ್ದು’ ಎಂಬುದು ಅವರ ವಾದ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ವೆಂಬ ಕಾರ್ಯಕ್ರಮ ನಡೆದಾಗ ಕನ್ನಡ ಕವಿತೆಗಳನ್ನು ಕೇಳಲೆಂದು ಅಪಾರ ಜನಸಮೂಹ ಸೇರಿತು. ಚಲನಚಿತ್ರ ತಾರೆಗಳಿಗಾಗಿಯೋ ರಾಜಕೀಯ ಭಾಷಣಕ್ಕಾಗಿಯೋ ಅಲ್ಲದೆ ಕವಿತೆಗಾಗಿ ಮೈದಾನ ತುಂಬಿದ್ದನ್ನು ಅವರು ಅಭಿಮಾನದಿಂದ ನೆನೆಯುತ್ತಾರೆ.

ಒಪ್ಪದವರ ಮಾತಿನಲ್ಲಿಯೂ ತೂಕವಿದೆ. ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ಕವನಸಂಕಲನ. ಹೊಸದಾಗಿ ಮದುವೆಯಾದ ಗಂಡಹೆಂಡಿರ ಮಾತು, ಮುನಿಸು, ಹುಸಿಕೋಪ, ತವರಿನ ನೆನಪು ಇವೇ ಅದರ ಜೀವಾಳ. ಅಲ್ಲಿಯ ಮಾತು ನಡುಮನೆಯಲ್ಲಿ, ಹಿರಿಯರ ಕಿವಿಗೆ ಬೀಳದಂತೆ, ಮೆಲುದನಿಯಲ್ಲಿ ನಡೆಯುವಂಥದು. ಅದನ್ನು ಧ್ವನಿವರ್ಧಕದ ಮೂಲಕ ಸಾವಿರಾರು ಜನರಿಗೆ ಎತ್ತರದ ಕಂಠದಲ್ಲಿ ಕೇಳಿಸಿದಾಗ ಪಿಸುಮಾತು ಘೋಷಣೆಯಾಗುವುದಿಲ್ಲವೆ? ಇದು ಅವರ ಮೊದಲ ಆಕ್ಷೇಪ. ಎರಡನೆಯದು ಕವಿತೆಯ ಕಟ್ಟಡವನ್ನು ಕುರಿತದ್ದು. ಕವಿ ಒಮ್ಮೆ ಹೇಳಿದ ಸಾಲನ್ನು ಗಾಯಕ ನಾಲ್ಕು ಸಲ ಹೇಳುತ್ತಾನೆ. ಕವಿತೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಯ ಸಾಲಿನಲ್ಲಿ ಅರಳುವಂತೆ ರಚಿತವಾಗಿದ್ದರೆ, ಪ್ರತಿಯೊಂದು ನುಡಿಯ ಬಳಿಕ ಮೊದಲ ಸಾಲಿಗೆ ಮರಳುವ ಪಲ್ಲವಿಯ ಪದ್ಧತಿ ಆ ಏರಿಕೆಯನ್ನು ತಡೆಯುತ್ತದೆ. ಸಮಯ ಸಾಲದೆಂದು ನಡುವಿನ ನುಡಿಗಳನ್ನು ಬಿಟ್ಟುಬಿಡುವುದೂ ಉಂಟು. ಮೂರನೆಯದಾಗಿ, ಒಳ್ಳೆಯ ಕವಿತೆಗೆ ಹಲವು ಇಂಗಿತಗಳಿರುತ್ತವೆ. ಗಾಯಕ ಅವುಗಳಲ್ಲಿ ಒಂದನ್ನು ಆರಿಸಿ ಹಾಡುತ್ತಾನೆ. ಆ ಹಾಡು ಪ್ರಸಿದ್ಧವಾದಷ್ಟೂ ಉಳಿದ ಇಂಗಿತಗಳು ಓದುಗನಿಂದ ದೂರವಾಗುತ್ತವೆ. ಮುಂದೆ ಪುಸ್ತಕವನ್ನು ತೆರೆದರೂ ಅವನಿಗೆ ಕಾಣುವುದು ಅಕ್ಷರವಲ್ಲ, ಕೇಳುವುದು ಆ ಕಂಠ.

ಇದಕ್ಕೆ ಮೆಚ್ಚುವವರು ಸುಮ್ಮನಿರುವುದಿಲ್ಲ. ಟಿ.ಎಸ್. ನಾಗಾಭರಣರ ‘ಮೈಸೂರು ಮಲ್ಲಿಗೆ’ ಚಿತ್ರ 1992ರಲ್ಲಿ ಅಶ್ವಥ್ ಅವರ ಸಂಗೀತದೊಡನೆ ಬಂದಿತು. ಆ ಚಿತ್ರದ ಗೀತೆಗಳಿಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಐವತ್ತು ವರ್ಷಗಳ ಹಿಂದಿನ ಕವಿತೆಗಳು ಹೊಸ ತಲೆಮಾರಿಗೆ ಹೀಗೆ ದೊರಕಿದವಲ್ಲ ಎಂದು ಅವರು ತೋರಿಸುತ್ತಾರೆ. ಅಶ್ವಥ್ ಅವರ ದನಿ ಯಾವಾಗಲೂ ಎತ್ತರದ್ದೇ ಎಂಬುದನ್ನೂ ಅವರು ಒಪ್ಪುವುದಿಲ್ಲ. ತಾನು ಕಂಡಿರದ ಸಾಗರಕ್ಕಾಗಿ ತವಕಿಸುವ ಜೀವವನ್ನು ಕುರಿತು ಜಿ.ಎಸ್. ಶಿವರುದ್ರಪ್ಪನವರು ಬರೆದ ಕವಿತೆಗೆ ಅಶ್ವಥ್ ಹಾಕಿದ ಧಾಟಿ ನಿಧಾನವಾದದ್ದು, ಒಳಮುಖವಾದದ್ದು. ಅದನ್ನು ಕೇಳಿದವರು ಅಬ್ಬರವೆಂಬ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು.

ಈ ವಾದವಿವಾದ ತನ್ನ ನಿಜವಾದ ಆಳವನ್ನು ಮುಟ್ಟುವುದು ಶಿಶುನಾಳ ಷರೀಫರ ಪದಗಳ ವಿಷಯದಲ್ಲಿ. ಷರೀಫರು 1819ರಿಂದ 1889ರವರೆಗೆ ಬಾಳಿದರು. ಅವರ ಊರಾದ ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಅವರು ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವನ್ನು ಪಡೆದರು. ತಮ್ಮ ಊರಿನ ದೇವರ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ತತ್ವಪದಗಳನ್ನು ಹಾಡಿದರು. ಸೋರುವ ಮನೆ, ಹುಕ್ಕಾ, ಮಗ್ಗ, ಗಿರಣಿ ಹೀಗೆ ಕಣ್ಣೆದುರಿನ ವಸ್ತುಗಳನ್ನೇ ತೆಗೆದುಕೊಂಡು ಅವುಗಳ ಒಳಗೆ ದೇಹ, ಮನಸ್ಸು, ಮರಣಗಳ ವಿಚಾರವನ್ನು ಅಡಗಿಸಿಡುವುದು ಅವರ ರೀತಿ. ಕೇಳುವವನಿಗೆ ಮೊದಲು ನಗು ಬರುತ್ತದೆ, ಆಮೇಲೆ ಯೋಚನೆ ಹತ್ತುತ್ತದೆ.

ಈ ಪದಗಳು ಬಹುಕಾಲ ಪುಸ್ತಕದಲ್ಲಿ ಉಳಿದದ್ದಕ್ಕಿಂತ ಬಾಯಲ್ಲಿ ಉಳಿದದ್ದೇ ಹೆಚ್ಚು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಭಜನೆಯ ಮೇಳದವರು ಏಕತಾರಿ, ದಮ್ಮಡಿ, ತಾಳಗಳನ್ನು ಹಿಡಿದು ರಾತ್ರಿಯಿಡೀ ಅವುಗಳನ್ನು ಹಾಡುತ್ತ ಬಂದಿದ್ದಾರೆ. ಅಲ್ಲಿ ವೇದಿಕೆಯೂ ಇಲ್ಲ, ಸಭಿಕರೂ ಇಲ್ಲ. ಒಬ್ಬ ಎತ್ತಿಕೊಟ್ಟರೆ ಸುತ್ತ ಕುಳಿತವರೆಲ್ಲ ಹಿಂದೆ ಹಾಡುತ್ತಾರೆ. ಒಂದೂರಿನ ಧಾಟಿ ಇನ್ನೊಂದೂರಿನಲ್ಲಿ ಇಲ್ಲದಿರಬಹುದು. ಪದದ ನಡುವೆ ನಿಲ್ಲಿಸಿ ಅದರ ಬೆಡಗನ್ನು ಬಿಡಿಸಿ ಹೇಳುವ ಹಿರಿಯರೂ ಉಂಟು.

ಅಶ್ವಥ್ ಅವರು ಇಂಥ ಪದಗಳಿಗೆ ಹೊಸ ಧಾಟಿಗಳನ್ನು ಹಾಕಿ, ಕೆಲವನ್ನು ತಾವೂ ಕೆಲವನ್ನು ಶಿವಮೊಗ್ಗ ಸುಬ್ಬಣ್ಣನವರಂಥ ಗಾಯಕರೂ ಹಾಡುವಂತೆ ಮಾಡಿ, ಧ್ವನಿಸುರುಳಿಗಳ ಮೂಲಕ ನಾಡಿನ ತುಂಬ ಹರಡಿದರು. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ಅವರ ಸಂಗೀತದೊಡನೆ ತೆರೆಗೆ ಬಂದು, ರಾಷ್ಟ್ರೀಯ ಭಾವೈಕ್ಯವನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಷರೀಫರ ಹೆಸರನ್ನೇ ಅರಿಯದಿದ್ದವರು ಅವರ ಪದಗಳನ್ನು ಬಾಯಿಪಾಠವಾಗಿ ಹಾಡತೊಡಗಿದರು. ಒಂದು ಸೀಮೆಯ ಸಂತ ಇಡೀ ನಾಡಿನ ಸಂತನಾದನು. ಇದು ಲಾಭ, ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಲಾಭದ ಮಗ್ಗುಲಲ್ಲಿ ನಷ್ಟವೂ ಇದೆಯೆಂದು ಹೇಳುವವರಿದ್ದಾರೆ. ಭಜನೆಯಲ್ಲಿ ಎಲ್ಲರೂ ಹಾಡುಗಾರರು. ವೇದಿಕೆಯಲ್ಲಿ ಒಬ್ಬನೇ ಹಾಡುಗಾರ, ಉಳಿದವರು ಚಪ್ಪಾಳೆ ತಟ್ಟುವವರು. ಭಜನೆಯಲ್ಲಿ ಧಾಟಿ ನೂರು. ಧ್ವನಿಸುರುಳಿಯಲ್ಲಿ ಧಾಟಿ ಒಂದೇ. ಆ ಒಂದು ಧಾಟಿ ಎಲ್ಲೆಡೆಯೂ ಹಬ್ಬಿದಾಗ ಮಕ್ಕಳು ಅದನ್ನೇ ಷರೀಫರ ಧಾಟಿಯೆಂದು ನಂಬುತ್ತಾರೆ. ಹಳ್ಳಿಯ ಮುದುಕನೊಬ್ಬ ತನ್ನ ಗುರುವಿನಿಂದ ಕಲಿತ ರೀತಿಯಲ್ಲಿ ಹಾಡಿದರೆ ‘ಅದು ಹಾಗಲ್ಲ, ಹೀಗೆ’ ಎಂದು ತಿದ್ದುವ ಪ್ರಸಂಗವೂ ಬರಬಹುದು. ಅಲ್ಲದೆ ಕುಣಿಸುವ ಲಯ ಒಗಟಿನ ನಗುವನ್ನು ಮಾತ್ರ ಮುಟ್ಟಿಸಿ, ಅದರ ಹಿಂದಿನ ಮರಣದ ನೆನಪನ್ನು ಮರೆಸಿಬಿಡುತ್ತದೆ ಎಂಬ ದೂರೂ ಉಂಟು. ‘ನಗುವೇ ಬಾಗಿಲು. ಬಾಗಿಲನ್ನು ತೆರೆದುಕೊಟ್ಟದ್ದು ಗಾಯಕನ ಕೆಲಸ, ಒಳಗೆ ಹೋಗುವುದು ಕೇಳುಗನ ಕೆಲಸ’ ಎಂಬುದು ಮೆಚ್ಚುವವರ ಉತ್ತರ. ಎರಡು ಮಾತುಗಳೂ ಮನಸ್ಸಿಗೆ ನಾಟುವಂಥವೇ ಆಗಿವೆ.

ಇಂಥ ಪ್ರಶ್ನೆ ನಮ್ಮ ನಾಡಿಗೆ ಹೊಸದೇನಲ್ಲ. ಪುರಂದರದಾಸರ ಕೀರ್ತನೆಗಳನ್ನು ನಾವು ಇಂದು ಕೇಳುವ ಧಾಟಿಗಳಲ್ಲಿ ಬಹುಪಾಲು ಮುಂದಿನ ತಲೆಮಾರಿನ ಗಾಯಕರು ಅಳವಡಿಸಿದವು. ದಾಸರ ಮೂಲ ಧಾಟಿ ಬಹುಮಟ್ಟಿಗೆ ಮರೆಯಾಗಿದ್ದರೂ ನುಡಿ ಉಳಿಯಿತು. ಹಾಡಲೆಂದೇ ರಚಿತವಾಗದ ವಚನಗಳಿಗೆ ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರು ರಾಗದ ಉಡುಗೆ ತೊಡಿಸಿದರು. ಕುಮಾರವ್ಯಾಸ ಭಾರತವನ್ನು ಗಮಕಿಗಳು ಓದುವಾಗ ರಾಗವನ್ನು ಪದದ ಸೇವಕನನ್ನಾಗಿ ಇರಿಸಿಕೊಳ್ಳುತ್ತಾರೆ; ರಾಗ ಎಲ್ಲಿಯೂ ಅರ್ಥವನ್ನು ದಾಟಿ ಮುಂದೆ ಹೋಗಲಾಗದು. ಹೀಗೆ ಪದಕ್ಕೂ ನಾದಕ್ಕೂ ಇರಬೇಕಾದ ಸಂಬಂಧವನ್ನು ನಮ್ಮ ಹಿರಿಯರು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಎಲ್ಲ ಕಾಲಕ್ಕೂ ಸಲ್ಲುವ ಒಂದೇ ತೀರ್ಪು ಇಲ್ಲ.

ಹೊರಗಿನ ಲೋಕದಲ್ಲಿಯೂ ಹೀಗೆಯೇ ನಡೆದಿದೆ. ಅಮೆರಿಕದ ಬಾಬ್ ಡಿಲನ್ ತಾವೇ ಕವಿತೆ ಕಟ್ಟಿ ತಾವೇ ಹಾಡುವವರು. ಮೊದಮೊದಲು ಒಂದು ಸಾದಾ ಗಿಟಾರು, ಒಂದು ಬಾಯಿಹಾರ್ಮೋನಿಯಂ ಹಿಡಿದು ಜನಪದ ಧಾಟಿಯಲ್ಲಿ ಹಾಡಿ ಹೆಸರಾದರು. 1965ರಲ್ಲಿ ನ್ಯೂಪೋರ್ಟ್ ಎಂಬಲ್ಲಿ ನಡೆದ ಜನಪದ ಸಂಗೀತೋತ್ಸವಕ್ಕೆ ಅವರು ವಿದ್ಯುತ್ ಗಿಟಾರು ಹಿಡಿದು, ರಾಕ್ ಸಂಗೀತದ ಮೇಳದೊಡನೆ ಬಂದಾಗ ಸಭೆಯ ಒಂದು ಭಾಗ ಕೂಗಿ ಪ್ರತಿಭಟಿಸಿತು. ಕೂಗಿದ್ದು ಏಕೆಂಬುದರ ಬಗೆಗೂ ಇಂದಿಗೂ ಒಮ್ಮತವಿಲ್ಲ. ವಾದ್ಯದ ಮೇಲಿನ ಸಿಟ್ಟೆಂದು ಕೆಲವರು, ಧ್ವನಿವರ್ಧಕದ ವ್ಯವಸ್ಥೆ ಸರಿಯಿರಲಿಲ್ಲವೆಂದು ಕೆಲವರು, ಹಾಡಿದ್ದು ಬಹಳ ಕಡಿಮೆಯಾಯಿತೆಂದು ಇನ್ನು ಕೆಲವರು ಹೇಳುತ್ತಾರೆ. ಮರುವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೇಳುಗನೊಬ್ಬ, ಏಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರಿನಿಂದ ಅವರನ್ನು ಕೂಗಿ ಕರೆದ. 2016ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಾಗ ‘ಹಾಡು ಸಾಹಿತ್ಯವಾಗಬಲ್ಲದೆ?’ ಎಂಬ ಚರ್ಚೆ ಮತ್ತೆ ಎದ್ದಿತು. ಡಿಲನ್ ಅವರಿಗೂ ಅಶ್ವಥ್ ಅವರಿಗೂ ಒಂದು ವ್ಯತ್ಯಾಸವನ್ನು ನಾವು ಗಮನಿಸಬೇಕು. ಡಿಲನ್ ಹಾಡಿದ್ದು ಬಹುಮಟ್ಟಿಗೆ ತಮ್ಮದೇ ನುಡಿಯನ್ನು. ಕೇಳುಗ ಜಗಳವಾಡಬೇಕಾದದ್ದು ಅವರೊಬ್ಬರೊಡನೆ. ಅಶ್ವಥ್ ಹಾಡಿದ್ದು ಇತರರ ನುಡಿಯನ್ನು. ಆದ್ದರಿಂದ ಇಲ್ಲಿ ಕವಿ, ಗಾಯಕ, ಕೇಳುಗ ಎಂಬ ಮೂವರ ಹಕ್ಕುಗಳೂ ಒಂದನ್ನೊಂದು ಎದುರಿಸುತ್ತವೆ. ಕನ್ನಡದ ವಿವಾದ ಹೆಚ್ಚು ಸೂಕ್ಷ್ಮವಾದದ್ದು ಈ ಕಾರಣದಿಂದ.

ಕಾಲ ಸರಿದಂತೆ ಹೊಸದು ಹಳೆಯದಾಗುತ್ತದೆ. ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ 2008ರಲ್ಲಿ ಹೊರತಂದ ತಮ್ಮ ಮೊದಲ ಗೀತಸಂಪುಟದಲ್ಲಿ ಷರೀಫರ ಪದವೊಂದನ್ನು ಗಿಟಾರು, ಡ್ರಮ್ಮುಗಳ ಮೇಳದೊಡನೆ ಹಾಡಿದರು. ಒಮ್ಮೆ ಅಶ್ವಥ್ ಅವರ ಧಾಟಿಯನ್ನು ಹೊಸತೆಂದು ಕೇಳಿದ ಕಿವಿಗಳು ಅಷ್ಟು ಹೊತ್ತಿಗೆ ಅದಕ್ಕೆ ಒಗ್ಗಿ ಅದನ್ನೇ ಸಂಪ್ರದಾಯವೆಂದು ಭಾವಿಸತೊಡಗಿದ್ದವು. ಇಂದಿನ ಆಕ್ಷೇಪಣೆಯಲ್ಲಿ ಎಷ್ಟು ಪಾಲು ವಿಚಾರ, ಎಷ್ಟು ಪಾಲು ಅಭ್ಯಾಸಬಲ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳಾದ ನಿಮಗೆ ತೀರ ಹತ್ತಿರವಾದ ಉದಾಹರಣೆ ಇನ್ನೊಂದಿದೆ. ಅದು ನೀವು ಶಾಲೆಯಲ್ಲಿ ಹಾಡುವ ನಾಡಗೀತೆ. ಕುವೆಂಪು ಅವರ ಆ ಕವಿತೆಯನ್ನು 2004ರಲ್ಲಿ ರಾಜ್ಯದ ನಾಡಗೀತೆಯೆಂದು ಅಂಗೀಕರಿಸಲಾಯಿತು. ಆದರೆ ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಪ್ರಶ್ನೆ ಬಹುಕಾಲ ಬಗೆಹರಿಯಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು, ಅಶ್ವಥ್ ಅವರ ಧಾಟಿ ಇನ್ನೊಂದು. ಎರಡಕ್ಕೂ ಅಭಿಮಾನಿಗಳಿದ್ದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಆರಿಸಿ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ಆ ಆದೇಶವನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಹೋದವರೂ ಇದ್ದರು. 2024ರಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. ನೂರಾರು ಕಂಠಗಳು ಒಟ್ಟಾಗಿ ಹಾಡಬೇಕಾದಲ್ಲಿ ಧಾಟಿ ಒಂದೇ ಇರಬೇಕಾದುದು ಅನಿವಾರ್ಯ. ಇಲ್ಲವಾದರೆ ಹಾಡು ಗದ್ದಲವಾಗುತ್ತದೆ. ಆದರೆ ಸಭೆಯ ಅನುಕೂಲಕ್ಕಾಗಿ ಒಂದನ್ನು ಆರಿಸಿದ ಮಾತ್ರಕ್ಕೆ ಇನ್ನೊಂದು ಕೀಳೆಂದು ತೀರ್ಪು ಕೊಟ್ಟಂತೆ ಆಗುವುದಿಲ್ಲ. ಆದೇಶ ಸಭೆಗೆ, ಮನೆಯಲ್ಲಿ, ದಾರಿಯಲ್ಲಿ, ಮನಸ್ಸಿನಲ್ಲಿ ಹಾಡಿಕೊಳ್ಳುವವನಿಗೆ ಎರಡು ಧಾಟಿಗಳೂ ತೆರೆದೇ ಇವೆ. ಆಜ್ಞೆಯಿಂದ ತೀರ್ಮಾನವಾಗುವ ವಿಷಯ ಯಾವುದು, ಪ್ರೀತಿಯಿಂದ ಮಾತ್ರ ತೀರ್ಮಾನವಾಗುವ ವಿಷಯ ಯಾವುದು ಎಂಬ ವಿವೇಕ ನಮಗಿರಬೇಕು.

ಹಾಗಾದರೆ ಹಾಡಿನ ಬಗ್ಗೆ ಅಭಿಪ್ರಾಯವನ್ನು ರೂಪಿಸಿಕೊಳ್ಳುವುದು ಹೇಗೆ? ಮೊದಲು ಕವಿತೆಯನ್ನು ಹಾಡಿನಿಂದ ಬಿಡಿಸಿ, ಎರಡು ಸಲ ಗಟ್ಟಿಯಾಗಿ ಓದಬೇಕು. ಎಲ್ಲಿ ದನಿ ತಾನಾಗಿ ಇಳಿಯುತ್ತದೆ, ಎಲ್ಲಿ ನಿಲ್ಲಬೇಕೆನಿಸುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಬಳಿಕ ಹಾಡನ್ನು ಕೇಳಬೇಕು. ಗಾಯಕ ಅದೇ ಎಡೆಯಲ್ಲಿ ನಿಂತನೆ? ಬೇರೆಡೆ ನಿಂತಿದ್ದರೆ ಅದರಿಂದ ಹೊಸ ಅರ್ಥವೇನಾದರೂ ಹೊಳೆಯಿತೆ? ಬಿಟ್ಟುಹೋದ ನುಡಿ ಯಾವುದು? ವಾದ್ಯಗಳು ಪದವನ್ನು ಎತ್ತಿ ಹಿಡಿದವೆ, ಮುಚ್ಚಿಬಿಟ್ಟವೆ? ಸಾಧ್ಯವಾದರೆ ಅದೇ ಕವಿತೆಯ ಇನ್ನೊಂದು ಧಾಟಿಯನ್ನೂ ಕೇಳಬೇಕು. ಆಮೇಲೆ ಮಾತನಾಡಬೇಕು. ‘ನನಗೆ ಹಿಡಿಸಲಿಲ್ಲ’ ಎಂಬುದು ಒಂದು ಮಾತು. ‘ಅದು ಚೆನ್ನಾಗಿಲ್ಲ’ ಎಂಬುದು ಬೇರೊಂದು ಮಾತು. ಮೊದಲನೆಯದಕ್ಕೆ ಕಾರಣ ಕೊಡಬೇಕಾಗಿಲ್ಲ. ಎರಡನೆಯದನ್ನು ಆಡುವವನು ಕಾರಣ ಕೊಡಲೇಬೇಕು. ಎದುರಿನವನು ಕೊಡುವ ಕಾರಣವನ್ನು ಕೇಳುವ ತಾಳ್ಮೆಯೂ ಅವನಿಗಿರಬೇಕು. ಹಾಡು ಕೇಳುವುದಕ್ಕೆ ಕಿವಿ ಬೇಕಾದಂತೆ ವಾದ ಕೇಳುವುದಕ್ಕೂ ಕಿವಿ ಬೇಕು.

ಅಶ್ವಥ್ ಅವರನ್ನು ಕುರಿತ ಎರಡು ಪಕ್ಷಗಳನ್ನು ಈಗ ಒಮ್ಮೆ ತಿರುಗಿ ನೋಡಿದರೆ ಅವು ಒಂದನ್ನೊಂದು ಅಳಿಸುವ ಮಾತುಗಳಲ್ಲವೆಂಬುದು ತಿಳಿಯುತ್ತದೆ. ಆಕ್ಷೇಪಿಸುವವರು ಪದದ ಘನತೆಯನ್ನೂ ಹಳ್ಳಿಯ ನೂರು ಧಾಟಿಗಳನ್ನೂ ಕಾಯುತ್ತಿದ್ದಾರೆ. ಮೆಚ್ಚುವವರು ಓದುಬಾರದವನಿಗೂ ಕವಿತೆಯ ಮೇಲಿರುವ ಹಕ್ಕನ್ನು ಕಾಯುತ್ತಿದ್ದಾರೆ. ಕಾವಲುಗಾರರು ಇಬ್ಬರು, ಬಾಗಿಲುಗಳು ಎರಡು; ಒಳಗಿರುವ ಸೊತ್ತು ಮಾತ್ರ ಒಂದೇ. ಅದು ಕನ್ನಡ ಕವಿತೆ. ಯಾರೂ ಜಗಳವಾಡದ ಕವಿತೆಯನ್ನು ಬಹುಶಃ ಯಾರೂ ನೆನಪಿನಲ್ಲಿಟ್ಟುಕೊಂಡಿರುವುದಿಲ್ಲ. ಆದುದರಿಂದ ಧ್ವನಿಸುರುಳಿಯ ಹಾಡನ್ನು ಕೇಳಿ ಸಂತೋಷಪಡೋಣ. ಅದರೊಡನೆಯೇ ಪುಸ್ತಕವನ್ನೂ ತೆರೆಯೋಣ. ನಮ್ಮ ಊರಿನ ಹಿರಿಯರು ಅದೇ ಪದವನ್ನು ಬೇರೆ ರೀತಿಯಲ್ಲಿ ಹಾಡುವುದಾದರೆ ಅವರ ಬಳಿ ಕುಳಿತು ಅದನ್ನೂ ಕಲಿತುಕೊಳ್ಳೋಣ. ಹಾಗೆ ಕಲಿಯುವವರು ಇರುವವರೆಗೆ ಒಂದು ಕಂಠದ ಕೀರ್ತಿಯಿಂದ ಇನ್ನೊಂದು ಕಂಠ ಮೂಕವಾಗಬೇಕಾಗಿಲ್ಲ.

ಪದಗಳ ಅರ್ಥ

ಅಂಕಿತ – ರಚನೆಯ ಕೊನೆಯಲ್ಲಿ ಕವಿ ಬಳಸುವ ಗುರುತಿನ ಹೆಸರು
ಇಂಗಿತ – ಒಳ ಅಭಿಪ್ರಾಯ, ಸೂಚಿತವಾದ ಅರ್ಥ
ಏಕತಾರಿ – ಒಂದೇ ತಂತಿಯ ವಾದ್ಯ
ಒಮ್ಮತ – ಎಲ್ಲರ ಒಂದೇ ಅಭಿಪ್ರಾಯ
ಗಮಕಿ – ಕಾವ್ಯವನ್ನು ರಾಗವಾಗಿ ಓದುವವನು
ತತ್ವಪದ – ಅಧ್ಯಾತ್ಮ ವಿಚಾರವನ್ನು ಹೇಳುವ ಹಾಡು
ತಾರಸ್ಥಾಯಿ – ಎತ್ತರದ ಸ್ವರಗಳ ನೆಲೆ
ದಮ್ಮಡಿ – ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ
ಧಾಟಿ – ಹಾಡುವ ರೀತಿ, ಮಟ್ಟು
ಧ್ವನಿಸುರುಳಿ – ಕ್ಯಾಸೆಟ್
ಬೆಡಗು – ಒಗಟಿನಂತೆ ಅಡಗಿಸಿಟ್ಟ ಅರ್ಥ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸಿ. ಅಶ್ವಥ್ ಅವರು ಎಲ್ಲಿ ಜನಿಸಿದರು?
2. ‘ನಿತ್ಯೋತ್ಸವ’ ಧ್ವನಿಸುರುಳಿಯಲ್ಲಿ ಯಾವ ಕವಿಯ ಕವಿತೆಗಳಿವೆ?
3. ಶಿಶುನಾಳ ಷರೀಫರ ಗುರು ಯಾರು?
4. ಗಮಕದಲ್ಲಿ ರಾಗಕ್ಕೂ ಪದಕ್ಕೂ ಇರುವ ಸಂಬಂಧವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಳೆಯ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳ ಕೇಳುಗರು ಹಾಡಿನಲ್ಲಿ ಏನನ್ನು ಬಯಸುತ್ತಿದ್ದರು?
2. ಪಲ್ಲವಿಯ ಪದ್ಧತಿಯಿಂದ ಕವಿತೆಯ ಕಟ್ಟಡಕ್ಕೆ ಒದಗಬಹುದಾದ ತೊಂದರೆ ಯಾವುದು?
3. ಬಾಬ್ ಡಿಲನ್ ಅವರಿಗೂ ಅಶ್ವಥ್ ಅವರಿಗೂ ಇರುವ ಮುಖ್ಯ ವ್ಯತ್ಯಾಸವನ್ನು ವಿವರಿಸಿರಿ.

ಇ) ವಿಸ್ತಾರವಾಗಿ ಉತ್ತರಿಸಿರಿ.
1. ಷರೀಫರ ಪದಗಳು ಭಜನೆಯಿಂದ ಧ್ವನಿಸುರುಳಿಗೆ ಬಂದುದರಿಂದ ಆದ ಲಾಭನಷ್ಟಗಳನ್ನು ವಿವೇಚಿಸಿರಿ.
2. ‘ಆಜ್ಞೆಯಿಂದ ತೀರ್ಮಾನವಾಗುವ ವಿಷಯ, ಪ್ರೀತಿಯಿಂದ ಮಾತ್ರ ತೀರ್ಮಾನವಾಗುವ ವಿಷಯ’ – ನಾಡಗೀತೆಯ ಪ್ರಸಂಗವನ್ನು ಆಧರಿಸಿ ಈ ಮಾತನ್ನು ಸಮರ್ಥಿಸಿರಿ.

ಈ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ತಿಳಿಸಿರಿ.
1. ‘ನಗುವೇ ಬಾಗಿಲು.’
2. ‘ಕಾವಲುಗಾರರು ಇಬ್ಬರು, ಬಾಗಿಲುಗಳು ಎರಡು, ಒಳಗಿರುವ ಸೊತ್ತು ಮಾತ್ರ ಒಂದೇ.’

ಉ) ಮಾಡಿ ನೋಡಿರಿ.
ನಿಮ್ಮ ಊರಿನಲ್ಲಿ ತತ್ವಪದ, ಜನಪದ ಗೀತೆ ಅಥವಾ ದೇವರನಾಮ ಹಾಡುವ ಹಿರಿಯರೊಬ್ಬರಿಂದ ಒಂದು ಹಾಡನ್ನು ಕೇಳಿ ಬರೆದುಕೊಳ್ಳಿರಿ. ಅದೇ ಹಾಡಿನ ಪ್ರಸಿದ್ಧ ಧಾಟಿಗೂ ಅವರ ಧಾಟಿಗೂ ಇರುವ ಭೇದವನ್ನು ತರಗತಿಯಲ್ಲಿ ಚರ್ಚಿಸಿರಿ.